ಎಣ್ಣಿ ಬಿಟ್ಟೀನಿ

ಅಥಣಿಯಲ್ಲಿ, ಸತ್ತಿ ಊರಿಗೆ ಹೋಗುವ ದಾರಿಯ ಮಗ್ಗುಲಿಗೆ ನನ್ನ ಗ್ಯಾರೇಜು ಇತ್ತು. ಮೊಣಕಾಲುಗಳು ಗಾಡಿಯ ಬುಡದ ಗುಂಡಿಗೆ ಇಳಿಯಲು ಒಪ್ಪದಾದ ಮೇಲೆ ಅದನ್ನು ಬೇರೆಯವರಿಗೆ ವಹಿಸಿ ಮನೆಯಲ್ಲಿ ಕೂತಿದ್ದೇನೆ. ಆದರೂ ಹೊಸದಾಗಿ ಪಾನಾ, ಅಂದರೆ ಸ್ಪ್ಯಾನರು, ಹಿಡಿದ ಹುಡುಗರು ಚಹಾದಂಗಡಿಯಲ್ಲಿ ಕಂಡರೆ ಸುಮ್ಮನೆ ಹೋಗಗೊಡುವುದಿಲ್ಲ. ‘ಮಿಸ್ತ್ರಿ ಕಾಕಾ, ಎಲ್ಲಾರೂ ಫೋನ್‌ದಾಗ ನೋಡಿ ತಮ್ಮ ಗಾಡಿ ಆಯಿಲ್ ತಾವ ಬದಲಿ ಮಾಡಾಕತ್ತಾರ. ನಾವ ಇನ್ನ ಏನ ಮಾಡೂದ್ರಿ?’ ಎಂದು ಕೇಳುತ್ತಾರೆ. ಫೋನಿನಲ್ಲಿ ನೋಡಿ ಮಾಡಿದವರು ಕೆಡಿಸಿಕೊಂಡು ನಿಮ್ಮ ಹತ್ತಿರವೇ ಬರುತ್ತಾರೆ ಎಂದು ಅವರಿಗೆ ಸಮಾಧಾನ ಹೇಳಬಹುದು. ಅವರು ಬಯಸುವುದೂ ಅದನ್ನೇ. ಆದರೆ ಅದು ಸುಳ್ಳು.

ಆಯಿಲ್ ಬದಲಿಸುವುದು ದೊಡ್ಡ ವಿದ್ಯೆಯೇನೂ ಅಲ್ಲ. ಇಂಜಿನ್ನಿನ ಬುಡದಲ್ಲಿ ಒಂದು ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿದರೆ ಕರಿ ಎಣ್ಣೆ ಕೆಳಗೆ ಬೀಳುತ್ತದೆ. ಫಿಲ್ಟರ್ ಬದಲಿಸಿ, ಬೋಲ್ಟ್ ಬಿಗಿದು, ಮೇಲಿನಿಂದ ಹೊಸ ಎಣ್ಣೆ ತುಂಬಿ, ಕಡ್ಡಿ ಎಳೆದು ಮಟ್ಟ ನೋಡಿದರೆ ಮುಗಿಯಿತು. ಹೋಳಿಗೆಗೆ ಕಣಕ ನಾದಲು ಬರುವವರು ಇದನ್ನು ಕಣ್ಣು ಮುಚ್ಚಿ ಕಲಿಯುತ್ತಾರೆ. ಹಾಗಾದರೆ ಮನೆಯಲ್ಲೇ ಮಾಡಿಕೊಳ್ಳಬೇಕೋ, ಮಿಸ್ತ್ರಿಗೆ ಕೊಡಬೇಕೋ? ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಸತ್ತಿಯ ಇಬ್ಬರು ಅಣ್ಣತಮ್ಮಂದಿರ ಒಂದು ಪ್ರಸಂಗವಿದೆ. ಹೆಸರುಗಳನ್ನು ಬದಲಿಸಿದ್ದೇನೆ. ಇಬ್ಬರಲ್ಲಿ ಅಣ್ಣ ಈಗ ಇಲ್ಲ. ಅವನು ಇರುವವರೆಗೆ ನಾನು ಇದನ್ನು ಬರೆಯುವ ಹಾಗಿರಲಿಲ್ಲ.

ಅದಕ್ಕೆ ಮೊದಲು ನಮ್ಮ ಗುರು, ವಸ್ತಾದರ ಬಗ್ಗೆ ಹೇಳಬೇಕು. ನಾನು ಕೆಲಸ ಕಲಿತದ್ದು ನಿಪ್ಪಾಣಿಯಲ್ಲಿ, ತಂಬಾಕಿನ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಒಂದು ಗ್ಯಾರೇಜಿನಲ್ಲಿ. ವಸ್ತಾದರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೈಯುವಾಗ ಮರಾಠಿ, ಲೆಕ್ಕ ಹೇಳುವಾಗ ಉರ್ದು, ಮನಸ್ಸು ಸರಿಯಿದ್ದಾಗ ಕನ್ನಡ. ಕೆಲಸವನ್ನು ಬಾಯಿ ಬಿಟ್ಟು ಕಲಿಸಿದವರಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಯಾರನ್ನೂ ಬಿಟ್ಟವರಲ್ಲ. ಎಣ್ಣೆ ಇಳಿಸಲು ಬಿಚ್ಚಿದ ಬೋಲ್ಟನ್ನು ಪಾನಾಗಳ ಜೊತೆ ಇಡುವಂತಿಲ್ಲ, ಜೇಬಿಗೆ ಹಾಕುವಂತಿಲ್ಲ, ಡ್ರೈವರ್ ಕೂರುವ ಸೀಟಿನ ನಡುಮಧ್ಯೆ ಇಡಬೇಕು. ಒಮ್ಮೆ ನಾನು ಅದನ್ನು ಚಕ್ರದ ಹತ್ತಿರ ಇಟ್ಟದ್ದಕ್ಕೆ ಕೈಯಲ್ಲಿದ್ದ ಪಾನಾ ಬೀಸಿ ಒಗೆದರು. ತಲೆ ಬಗ್ಗಿಸಿ ತಪ್ಪಿಸಿಕೊಂಡೆ.

‘ಸೀಟಿನ ಮ್ಯಾಲ ಬೋಲ್ಟ್ ಇತ್ತಂದ್ರ ಗಾಡಿ ಹೆಣ ಐತಿ ಅಂತ ತಿಳಕೋ. ಹೆಣಾ ಹೊಡ್ಕೊಂಡ ಹೋಗಾಂವ ಯಾವನೂ ಹುಟ್ಟಿಲ್ಲ’ ಎಂದರು. ಆಗ ನಮಗೆ ಅದು ಮುದುಕರ ತಿಕ್ಕಲು ಎನಿಸುತ್ತಿತ್ತು. ಅವರ ಬೆನ್ನ ಹಿಂದೆ ಅವರ ಹಾಗೆಯೇ ಬೈದು ತೋರಿಸಿ ನಗುತ್ತಿದ್ದೆವು.

ಮನೆಯಲ್ಲೇ ಆಯಿಲ್ ಬದಲಿಸುವ ಹುಚ್ಚು ಫೋನಿನಿಂದ ಶುರುವಾದದ್ದಲ್ಲ. ನಿಪ್ಪಾಣಿ ಹತ್ತಿರದ ಅಕ್ಕೋಳದಲ್ಲಿ ಒಬ್ಬ ಮಾಸ್ತರರು ಇದ್ದರು, ತಮ್ಮ ಹಳೆಯ ಕಾರನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಒಂದು ರವಿವಾರ ಇಂಜಿನ್ನಿನ ಬೋಲ್ಟ್ ಎಂದು ತಿಳಿದು ಗೇರ್‌ಬಾಕ್ಸಿನ ಬೋಲ್ಟ್ ಬಿಚ್ಚಿ ಅದರ ಎಣ್ಣೆಯನ್ನೆಲ್ಲ ಇಳಿಸಿಬಿಟ್ಟರು. ಮೊದಲೇ ತುಂಬಿದ್ದ ಇಂಜಿನ್ನಿಗೆ ಮತ್ತೊಂದು ಡಬ್ಬಿ ಸುರಿದರು. ಗಾಡಿ ಚಾಲೂ ಮಾಡಿದರೆ ಓಣಿಗೆ ಓಣಿಯೇ ಹೊಗೆ. ನೆರೆಯವರು ಬಣವೆಗೆ ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿಬಂದರಂತೆ. ಮಾಸ್ತರರು ಮಾತ್ರ ‘ಇಂಜಿನ್ ಸ್ವಚ್ಛ ಆಗಾಕತ್ತೈತಿ’ ಎಂದು ಎಲ್ಲರಿಗೂ ವಿವರಿಸುತ್ತ ನಿಂತಿದ್ದರು. ಗಾಡಿಯನ್ನು ಎತ್ತಿನ ಹಿಂದೆ ಕಟ್ಟಿ ತಂದಾಗ ವಸ್ತಾದರು ಅಪರೂಪಕ್ಕೆ ನಕ್ಕರು. ಅಂಥ ತಪ್ಪುಗಳಿಂದ ಯಾರೂ ಸಾಯುವುದಿಲ್ಲ. ನಾನು ಈ ತನಕ ನೆನೆದು ನಗುವುದು ಅದೊಂದನ್ನೇ.

ಜನ ತಾವೇ ಪಾನಾ ಹಿಡಿಯಲು ನಮ್ಮವರೂ ಕಾರಣ. ಎಣ್ಣೆ ಬದಲಿಸದೆ ಬರೀ ಕಡ್ಡಿ ಒರೆಸಿ ಕಳಿಸುವವರು, ಹಳೆಯ ಎಣ್ಣೆಯನ್ನೇ ಬಟ್ಟೆಯಲ್ಲಿ ಸೋಸಿ ಹೊಸ ಡಬ್ಬಿಗೆ ತುಂಬುವವರು ಈ ಕಸುಬಿನಲ್ಲಿ ಇದ್ದಾರೆ. ಅವರಿಗೆ ನಾಚಿಕೆಯಿಲ್ಲ. ಸತ್ತಿಯ ಆ ಇಬ್ಬರಲ್ಲಿ ಅಣ್ಣನಾದ ಭರಮಣ್ಣನ ನಂಬಿಕೆ ಕೆಟ್ಟದ್ದು ಅಂಥ ಒಬ್ಬನಿಂದ. ಹೊಳೆದಂಡೆಯಲ್ಲಿ ಕಬ್ಬು, ಮೇಲಿನ ಹೊಲದಲ್ಲಿ ದ್ರಾಕ್ಷಿ ಇದ್ದ ಮನೆತನ ಅವನದು. ತಾಯಿ ಗೌರವ್ವ, ತಮ್ಮ ಶಿದ್ದು, ಇಬ್ಬರ ಹೆಂಡಿರು ಮಕ್ಕಳು, ಎಲ್ಲರಿಗೂ ಒಂದೇ ಒಲೆ. ಭರಮಣ್ಣ ಅನುಮಾನದ ಮನುಷ್ಯ. ಒಮ್ಮೆ ದೂರದ ಊರಿನಲ್ಲಿ ಸರ್ವಿಸ್‌ಗೆ ಕೊಡುವ ಮುಂಚೆ ಫಿಲ್ಟರಿನ ಮೇಲೆ ಹೆಂಡತಿಯ ಕುಂಕುಮದ ಬಟ್ಟು ಇಟ್ಟು ಕೊಟ್ಟಿದ್ದ. ಗಾಡಿ ತಿರುಗಿ ಬಂದಾಗ ಬಟ್ಟು ಅಲ್ಲೇ ಇತ್ತು. ಅಂದಿನಿಂದ ಅವನು ಯಾವ ಗ್ಯಾರೇಜನ್ನೂ ನಂಬಲಿಲ್ಲ. ನನ್ನನ್ನು ಒಂದಿಷ್ಟು ನಂಬಿದ್ದ. ನನ್ನಲ್ಲಿ ನಿಂತು ನೋಡಿಯೇ ಕೆಲಸ ಕಲಿತ. ಬುದ್ಧಿವಂತ, ಕೈ ಸ್ವಚ್ಛ. ಅವನು ಬಿಗಿದ ಬೋಲ್ಟಿನಿಂದ ಒಂದು ಹನಿಯೂ ಸೋರುತ್ತಿರಲಿಲ್ಲ. ನಾನು ಬೋಲ್ಟನ್ನು ಸೀಟಿನ ಮೇಲೆ ಇಡುವುದನ್ನೂ ಅವನು ನೋಡಿದ್ದ. ಕಳೆದುಹೋಗದಿರಲಿ ಎಂದು ಹಾಗೆ ಇಡುತ್ತೇನೆ ಎಂದುಕೊಂಡಿದ್ದನಂತೆ.

ಅವರದು ಎತ್ತರದ ಡೀಸೆಲ್ ಗಾಡಿ. ಕೆಳಗೆ ಮನುಷ್ಯ ತೂರುವಷ್ಟು ಜಾಗ ಇದ್ದುದರಿಂದ ಜಾಕಿ ಬೇಕಿರಲಿಲ್ಲ. ಒಂದು ಬೆಳಿಗ್ಗೆ ಭರಮಣ್ಣ ಅಂಗಳದಲ್ಲೇ ಅದರ ಬುಡಕ್ಕೆ ತೂರಿ, ಕಬ್ಬಿಣದ ಬುಟ್ಟಿ ಇಟ್ಟು ಎಣ್ಣೆ ಇಳಿಸಿದ. ಬೋಲ್ಟಿನ ತಾಮ್ರದ ವಾಶರ್ ಸವೆದಿತ್ತು. ಅಳತೆಗೆ ಬೇಕೆಂದು ಬೋಲ್ಟನ್ನೇ ಅಂಗಿಯ ಜೇಬಿಗೆ ಹಾಕಿಕೊಂಡ. ಹೊಸ ವಾಶರ್, ಫಿಲ್ಟರ್, ಎಣ್ಣೆ ಮೂರನ್ನೂ ಒಟ್ಟಿಗೆ ತರುವುದೆಂದು ಮೋಟಾರ್ ಸೈಕಲ್ ಹತ್ತಿ, ದನದ ಕೊಟ್ಟಿಗೆಯಲ್ಲಿದ್ದ ತಮ್ಮನಿಗೆ ಕೇಳುವಂತೆ ಕೂಗಿ ಅಥಣಿಗೆ ಹೊರಟ. ಕೂಗಿದ್ದು ಎರಡೇ ಮಾತು: ‘ಎಣ್ಣಿ ಬಿಟ್ಟೀನಿ!’

ನಮ್ಮ ಮಾತಿನಲ್ಲಿ ದೀಪಕ್ಕೆ ಎಣ್ಣೆ ಬಿಡುತ್ತಾರೆ, ತಲೆಗೆ ಎಣ್ಣೆ ಬಿಡುತ್ತಾರೆ. ಅಲ್ಲಿ ಬಿಡುವುದೆಂದರೆ ಹಾಕುವುದು. ಚಕ್ರದ ಗಾಳಿಯನ್ನೂ ಬಿಡುತ್ತಾರೆ. ಅಲ್ಲಿ ಬಿಡುವುದೆಂದರೆ ತೆಗೆಯುವುದು. ಹುಟ್ಟಿದಾಗಿನಿಂದ ಎರಡನ್ನೂ ಆಡುತ್ತೇವೆ, ಎಲ್ಲಿಯೂ ಎಡವುವುದಿಲ್ಲ. ಅಂದು ಭರಮಣ್ಣ ಹೇಳಿದ್ದು ಗಾಳಿ ಬಿಟ್ಟ ಹಾಗೆ. ಶಿದ್ದು ಕೇಳಿಸಿಕೊಂಡದ್ದು ದೀಪಕ್ಕೆ ಬಿಟ್ಟ ಹಾಗೆ.

ಭರಮಣ್ಣ ಹೋದ ಸ್ವಲ್ಪ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದ ಗೌರವ್ವಳಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು. ಆಂಬ್ಯುಲೆನ್ಸಿಗೆ ಫೋನು ಮಾಡಿ ಕಾಯುವುದಕ್ಕಿಂತ ಅಂಗಳದಲ್ಲೇ ನಿಂತ ಗಾಡಿ ಬೇಗ ಎಂದು ಶಿದ್ದು ಗೂಡಿನಲ್ಲಿದ್ದ ಕೀಲಿ ತೆಗೆದುಕೊಂಡ. ತಾಯಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ಅವನ ಹೆಂಡತಿ ಹೊಲದಲ್ಲಿದ್ದಳು, ಅತ್ತಿಗೆ ಮಕ್ಕಳನ್ನು ಬಿಟ್ಟು ಬರುವ ಹಾಗಿರಲಿಲ್ಲ. ತಾಯಿ ಮಗ ಇಬ್ಬರೇ ಹೊರಟರು. ಅಣ್ಣನಿಗೆ ಫೋನು ಮಾಡಿದ, ಮೋಟಾರ್ ಸೈಕಲ್ಲಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಗಾಡಿ ಮುಂದಕ್ಕೆ ಹೋದ ಮೇಲೆ ಅಂಗಳದಲ್ಲಿ ಉಳಿದದ್ದು ಕರಿ ಎಣ್ಣೆ ತುಂಬಿದ ಬುಟ್ಟಿ. ಅತ್ತಿಗೆ ಅದನ್ನು ನೋಡಿದಳು. ಅದರ ಅರ್ಥ ಅವಳಿಗಾದರೂ ಹೇಗೆ ತಿಳಿಯಬೇಕು? ಮಕ್ಕಳು ಕಾಲು ಹಾಕದಿರಲೆಂದು ಅದರ ಮೇಲೆ ಒಂದು ಹಲಗೆ ಮುಚ್ಚಿಟ್ಟಳಂತೆ.

ಎಣ್ಣೆಯಿಲ್ಲದ ಇಂಜಿನ್ ಕೂಡಲೇ ನಿಲ್ಲುವುದಿಲ್ಲ. ಒಳಗೆ ಮೆತ್ತಿಕೊಂಡ ಪಸೆಯ ಮೇಲೆಯೇ ಒಂದಿಷ್ಟು ದೂರ ಓಡುತ್ತದೆ. ಆಮೇಲೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ಊರು ದಾಟಿ, ಎರಡೂ ಕಡೆ ಕಬ್ಬು ಎದ್ದುನಿಂತ ರಸ್ತೆಯಲ್ಲಿ ಅದು ಒಮ್ಮೆ ಕಿರುಚಿ ಕಚ್ಚಿಕೊಂಡು ನಿಂತಿತು. ಮತ್ತೊಂದು ಗಾಡಿ ಸಿಕ್ಕು ಗೌರವ್ವಳನ್ನು ಅಥಣಿಯ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಜೀವ ಹೋಗಿತ್ತು.

ಭರಮಣ್ಣ ಹೊಸ ಎಣ್ಣೆಯ ಡಬ್ಬಿ ಹಿಡಿದು ತಿರುಗಿ ಬರುವಾಗ ದಾರಿಯಲ್ಲಿ ತನ್ನದೇ ಗಾಡಿ ನಿಂತದ್ದನ್ನು ಕಂಡ. ಒಳಗೆ ಯಾರೂ ಇರಲಿಲ್ಲ. ಹಿಂದಿನ ಸೀಟಿನ ಮೇಲೆ ತಾಯಿಯ ಒಂದು ಚಪ್ಪಲಿ ಇತ್ತು.

ಗಾಡಿಯನ್ನು ಎಳೆದು ನನ್ನ ಗ್ಯಾರೇಜಿಗೆ ತಂದರು. ದಹನ ಮುಗಿದು ಮೂರು ದಿನದ ಕಾರ್ಯ ಆದ ಮೇಲೆ ಮನೆಯವರೆಲ್ಲ ಬಂದರು. ಮುಂದೆ ಗೌರವ್ವಳ ತಮ್ಮ, ಅಂದರೆ ಈ ಇಬ್ಬರ ಸೋದರಮಾವ. ರುಮಾಲಿನ ಹಿರಿಯ, ಅವರ ಮಾತು ಆ ಮನೆಯಲ್ಲಿ ಕೊನೆಯ ಮಾತು. ‘ಮಿಸ್ತ್ರಿ, ಬಿಚ್ಚಿ ನೋಡಿ ತಪ್ಪ ಯಾರದೈತಿ ಅಂತ ಎಲ್ಲಾರ ಮುಂದ ಹೇಳ್ರಿ’ ಎಂದರು. ಅಣ್ಣತಮ್ಮ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಅವರ ಹೆಂಡಿರು ಬೇರೆ ಬೇರೆ ಗೋಡೆಗೆ ಒರಗಿ ನಿಂತಿದ್ದರು. ಆ ಮನೆಯ ಒಲೆ ಒಂದೇ ಉಳಿಯುತ್ತದೋ ಎರಡಾಗುತ್ತದೋ ಎಂಬುದು ಅಂದು ತೀರ್ಮಾನವಾಗುವುದಿತ್ತು. ಈ ಕಸುಬಿನಲ್ಲಿ ಎಷ್ಟೋ ಇಂಜಿನ್ ಬಿಚ್ಚಿದ್ದೇನೆ. ತಪ್ಪು ಯಾರದೆಂದು ಹೇಳಲು ಬಿಚ್ಚಿದ್ದು ಅದೊಂದೇ.

ಗುಂಡಿಗೆ ಇಳಿದು ಬೆಳಕು ಹಿಡಿದೆ. ಬೋಲ್ಟ್ ಇರಬೇಕಾದಲ್ಲಿ ಬರೀ ತೂತು. ಗೊತ್ತಿದ್ದೂ ಬಾಯಿಗೆ ಬಂದುಬಿಟ್ಟಿತು: ‘ಬೋಲ್ಟ್ ಎಲ್ಲೈತಿ?’

ಭರಮಣ್ಣ ಜೇಬಿನಿಂದ ಅದನ್ನು ತೆಗೆದು ಅಂಗೈ ಚಾಚಿದ. ಬೆಂಕಿ ಇಡುವಾಗಲೂ, ಬೂದಿ ಒಟ್ಟುವಾಗಲೂ ಅದು ಅವನ ಹತ್ತಿರವೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯದೆ ಹೋಗಿತ್ತು.

‘ನಾ ಹೇಳೀನಲ್ಲ. ಎಣ್ಣಿ ಬಿಟ್ಟೀನಿ ಅಂತ ಒದರಿ ಹೇಳೀನಿ’ ಎಂದ.

‘ಬಿಟ್ಟೀನಿ ಅಂದ್ರ ಹಾಕೀನಿ ಅಂತನ ತಿಳಕೊಂಡ್ನಿ’ ಎಂದ ಶಿದ್ದು.

‘ಗಾಡೀದು ಬಿಟ್ಟೀನಿ ಅಂದ್ಯೋ, ಗಾಡಿಗೆ ಬಿಟ್ಟೀನಿ ಅಂದ್ಯೋ?’ ಸೋದರಮಾವ ಕೇಳಿದರು.

ಭರಮಣ್ಣನಿಗೂ ನೆನಪಿರಲಿಲ್ಲ. ಎರಡರಲ್ಲಿ ಯಾವುದನ್ನೂ ಅಂದಿರಲಿಲ್ಲ. ಕೆನಾಲಿಗೆ ನೀರು ಬಿಟ್ಟರು ಅಂದರೆ ಏನು, ಮಜ್ಜಿಗೆ ಬಿಡು ಅಂದರೆ ಏನು ಎಂದು ಬಂದ ಹಿರಿಯರೆಲ್ಲ ಒಂದೊಂದು ಮಾತು ಎತ್ತಿ ವಾದಕ್ಕೆ ಕೂತರು. ತಾಯಿ ಸತ್ತ ಮನೆಯವರು ಒಂದು ಶಬ್ದ ಹಿಡಿದು ಹೀಗೆ ಜಗ್ಗಾಡುವುದನ್ನು ನೋಡಿ ನನಗೆ ಹೇಸಿಕೆಯಾಯಿತು. ಅಳುವೂ ಬಂತು.

ಕಡೆಗೆ ಸೋದರಮಾವ ಶಿದ್ದುವಿನ ಕಡೆ ತಿರುಗಿದರು. ‘ಎಣ್ಣಿ ಇಲ್ಲಂದ್ರ ಮುಂದ ಕೆಂಪ ದೀಪಾ ಹತ್ತತೈತಿ. ಹೌದಲ್ರಿ ಮಿಸ್ತ್ರಿ?’

‘ಹೌದ್ರಿ’ ಎಂದೆ. ಬೇರೆ ಏನು ಹೇಳಲಿ?

‘ನೋಡ್ಯೋ ಇಲ್ಲೋ?’

‘ನೋಡೀನಿ’ ಎಂದ ಶಿದ್ದು.

‘ನೋಡಿ ಹೊಡದಿ? ಯಾಕಲೇ?’

ಶಿದ್ದು ಕೆಳಗೆ ನೋಡಿದ. ಅತ್ತ ಗೋಡೆಯ ಕಡೆಯಿಂದ ಭರಮಣ್ಣನ ಹೆಂಡತಿ ಅಳುತ್ತಲೇ, ‘ದೀಪಾ ನೋಡಿ ಅತ್ತೀನ ಕೊಂದ್ಯಲ್ಲೋ!’ ಎಂದಳು. ತೀರ್ಪು ಅಲ್ಲಿಗೆ ಆಗಿಹೋಯಿತು. ‘ಎಣ್ಣಿ ಇದ್ದಿಲ್ಲ ಅಂತ ಇಂಜಿನ್ ಹೇಳತೈತಿ. ತಪ್ಪ ಯಾರದು ಅಂತ ಅದು ಹೇಳೂದಿಲ್ರಿ’ ಎಂದು ನಾನು ಜೋರಾಗಿಯೇ ಅಂದೆ. ಯಾರ ಕಿವಿಗೂ ಬೀಳಲಿಲ್ಲ.

ಮನೆ ಎರಡಾಯಿತು. ಶಿದ್ದು ಪಾಲಿನ ಮಾತು ಎತ್ತದೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾಗವಾಡದ ಕಡೆ ಮಾವನ ಮನೆಯ ಊರಿಗೆ ಹೊರಟ. ಹೋಗುವ ದಿನ ನನ್ನ ಗ್ಯಾರೇಜಿನ ಮುಂದೆ ಟೆಂಪೋ ನಿಲ್ಲಿಸಿ ಒಬ್ಬನೇ ಒಳಗೆ ಬಂದ. ಕಚ್ಚಿಕೊಂಡ ಆ ಗಾಡಿ ಇನ್ನೂ ಮೂಲೆಯಲ್ಲಿತ್ತು. ಅದರ ಬಾಗಿಲಿನ ಮೇಲೆ ಕೈಯಿಟ್ಟು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ.

‘ದೀಪಾ ಕಂಡ ಕೂಡ್ಲೆ ನಾ ಗಾಡಿ ಬಾಜೂಕ ತಗೊಂಡಿದ್ನಿ ಕಾಕಾ. ಹಿಂದ ಹಾಲಿನ ಗಾಡಿ ಬರಾಕತ್ತಿತ್ತು. ಅದನ್ನ ತರಬಿ ನಿಲ್ಲಿಸಿ ಅವ್ವನ ಅದ್ರಾಗ ಹಾಕ್ಬೇಕಂತ ಇಳಿಯಾಕ ಹೋದ್ನಿ. ಯಾಕ ನಿಂತಿ ಅಂದ್ಲು ಅವ್ವ. ಎಣ್ಣಿ ದೀಪಾ ಹತ್ತೈತೆವ್ವಾ ಅಂದ್ನಿ. ನಿಮ್ಮ ಅಣ್ಣ ಈಗರ ಎಣ್ಣಿ ಬಿಟ್ಟಾನಲ್ಲೋ, ನಾ ಕೇಳೀನಿ, ನಡಿ ನಡಿ ಅಂದ್ಲು. ಹಾಲಿನ ಗಾಡಿ ಮುಂದ ಹೋತು. ನಾನೂ ಹೊಡದ್ನಿ.’

‘ಅವತ್ತ ಎಲ್ಲಾರ ಮುಂದ ಯಾಕ ಹೇಳಲಿಲ್ಲೋ?’ ಎಂದೆ.

‘ಹೇಳಿದ್ರ ನನ್ನ ಮ್ಯಾಲಿನ ತಪ್ಪ ಇಳೀತಿತ್ತು. ತನ್ನ ಮಾತ ನಂಬಿ ಅವ್ವಾ ಸತ್ಲು ಅಂತ ಕೇಳಿದ್ರ ಅಣ್ಣ ಬದಕ್ತಿದ್ನೇನ್ರಿ? ನನಗ ಬೈಕೋತರ ಇರ್ಲಿ.’

ಟೆಂಪೋ ಹೋಯಿತು. ನಾನು ಆ ದಿನ ಮತ್ತೆ ಕೆಲಸ ಮುಟ್ಟಲಿಲ್ಲ. ಮರುದಿನದಿಂದ ನನ್ನ ಗ್ಯಾರೇಜಿನಲ್ಲಿ ಎಣ್ಣೆಯ ವಿಷಯಕ್ಕೆ ‘ಬಿಟ್ಟೀನಿ’ ಎಂಬ ಶಬ್ದ ಆಡುವಂತಿಲ್ಲ ಎಂದು ಕಟ್ಟಳೆ ಮಾಡಿದೆ. ತೆಗೆದರೆ ‘ಇಳಿಸೀನಿ’, ಹಾಕಿದರೆ ‘ತುಂಬೀನಿ’. ಬಾಯಿ ತಪ್ಪಿ ಆಡಿದವನನ್ನು ನಮ್ಮ ವಸ್ತಾದರ ಹಾಗೆಯೇ ಬೈದಿದ್ದೇನೆ. ನನ್ನ ಬೆನ್ನ ಹಿಂದೆಯೂ ಹುಡುಗರು ನಗುತ್ತಿದ್ದರು, ನನಗೆ ಗೊತ್ತು.

ವಸ್ತಾದರ ಸೀಟು-ಬೋಲ್ಟಿನ ಕಟ್ಟಳೆಯೂ ನನಗೆ ಆಗಲೇ ಪೂರ್ತಿ ತಿಳಿದದ್ದು. ಗ್ಯಾರೇಜಿಗೆ ಬಂದ ಗಾಡಿಯನ್ನು ಯಾರೂ ಹತ್ತಿಕೊಂಡು ಹೋಗುವುದಿಲ್ಲ, ಅದು ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತು. ಅಂಥಲ್ಲೂ ಅವರು ಬೋಲ್ಟನ್ನು ಸೀಟಿನ ಮೇಲೆ ಇಡಿಸಿದರು. ಮನೆಯ ಮುಂದೆ ನಿಂತ ಗಾಡಿಗೆ ಎಲ್ಲರೂ ಕೈ ಹಾಕುತ್ತಾರೆ, ಅದೂ ಜೀವ ಕೈಯಲ್ಲಿ ಹಿಡಿದುಕೊಂಡ ಹೊತ್ತಿನಲ್ಲಿ. ಭರಮಣ್ಣ ಕೆಲಸದಲ್ಲಿ ಒಂದೂ ತಪ್ಪು ಮಾಡಿರಲಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಜನ ಒಪ್ಪುವುದಿಲ್ಲ. ಮನೆಯಲ್ಲಿ ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಬೋಲ್ಟ್ ಸೀಟಿನ ಮೇಲಿರಲಿ, ಕೀಲಿ ನಿಮ್ಮ ಹತ್ತಿರ ಇರಲಿ, ಕೂಗಿ ಹೇಳಬೇಡಿ, ಎದುರು ನಿಂತು ಹೇಳಿ.

ಭರಮಣ್ಣ ಆಮೇಲೆ ಪಾನಾ ಮುಟ್ಟಲಿಲ್ಲ. ಬೇರೆ ಗಾಡಿ ತೆಗೆದುಕೊಂಡ, ಎಣ್ಣೆ ಬದಲಿಸಲು ತಪ್ಪದೆ ನನ್ನ ಹತ್ತಿರ ತರುತ್ತಿದ್ದ. ಬಂದಾಗಲೆಲ್ಲ ಒಂದೇ ರೀತಿ. ನಾನು ಬೋಲ್ಟ್ ಬಿಚ್ಚಿ ಸೀಟಿನ ಮೇಲೆ ಇಡುವುದು, ಅವನು ಅದನ್ನು ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದು ಗುಂಡಿಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂರುವುದು, ಕೊನೆಯ ಹನಿ ಬೀಳುವವರೆಗೆ ಬುಟ್ಟಿಯನ್ನೇ ನೋಡುವುದು. ತಮ್ಮನ ಹೆಸರು ಎತ್ತುತ್ತಿರಲಿಲ್ಲ.

ಅವನು ತೀರಿಕೊಂಡಾಗ ಶಿದ್ದು ಕಾಗವಾಡದಿಂದ ಬಂದು ಹೆಗಲು ಕೊಟ್ಟ. ಸಂಸ್ಕಾರ ಮುಗಿಸಿ ಹೊಳೆಯಿಂದ ಬರುವಾಗ ಇದನ್ನು ಬರೆಯಲೇ ಎಂದು ಅವನನ್ನು ಕೇಳಿದೆ. ‘ಬರೀರಿ ಕಾಕಾ. ಇನ್ನ ಮುಚ್ಚಿ ಯಾರಿಗೆ ಇಡೂದೈತಿ?’ ಎಂದ.

ನಾನು ಕೆಲಸ ನಿಲ್ಲಿಸುವ ಮುಂಚೆ ಭರಮಣ್ಣ ಕೊನೆಯ ಸಲ ಗಾಡಿ ತಂದಿದ್ದ. ಎಣ್ಣೆ ಇಳಿಯುತ್ತಿತ್ತು. ಎಂದೂ ಆಡದವನು ಅಂದು ಬುಟ್ಟಿಯ ಕಡೆ ನೋಡುತ್ತಲೇ ಮಾತು ತೆಗೆದ.

‘ಅವತ್ತ ಅವ್ವಾ ಕಟ್ಟಿ ಮ್ಯಾಲನ ಕುಂತಿದ್ಲು ಕಾಕಾ. ನಾ ಒದರಿದ್ದ ಆಕಿ ಕೇಳ್ಯಾಳ. ಆಕಿ ಉಳದಿದ್ರ ಸಾಕ್ಷಿ ಹೇಳತಿದ್ಲು, ನಾ ಖಾಲಿ ಮಾಡೀನಿ ಅಂತನ ಅಂದಿದ್ನಿ ಅಂತ. ಶಿದ್ದೂಗ ತಿಳೀಲಿಲ್ಲ. ಆಕಿಗೆ ನನ್ನ ಮಾತ ತಿಳೀತಿತ್ತು. ಹೌದಲ್ರಿ?’

ಗುಂಡಿಯಿಂದ ತಲೆಯೆತ್ತಿ ಅವನ ಮುಖ ನೋಡಿದೆ. ಅಷ್ಟು ವರ್ಷ ಅವನು ಅದೊಂದನ್ನು ಹಿಡಿದುಕೊಂಡೇ ಬದುಕಿದ್ದ.

‘ಹೌದಪ್ಪ, ತಿಳೀತಿತ್ತು. ಬೋಲ್ಟ್ ಕೊಡು’ ಎಂದೆ.

ಅವನು ಬಗ್ಗಿ ಅದನ್ನು ನನ್ನ ಕೈಗೆ ಹಾಕಿದ. ಬೋಲ್ಟ್ ಅವನ ಮುಷ್ಟಿಯ ಕಾವಿಗೆ ಬೆಚ್ಚಗಾಗಿತ್ತು.